ಬರೀ ನಡಿಗೆಯ ಸಿನಿಮಾ

೧೨ ನವೆಂಬರ್ ೧೯೩೮, ಶನಿವಾರ. ಅಫಜಲಪುರ

ಗಾಡಿಯಿಂದ ಇಳಿದಾಗ ಅಣ್ಣ ಚಂದ್ರಾಮಪ್ಪ ನನ್ನ ಮುಖ ನೋಡಲಿಲ್ಲ, ನನ್ನ ಪೆಟ್ಟಿಗೆ ನೋಡಿದ.

"ಇಷ್ಟ ಭಾರ ಏನದ ಬೇ ಇದರಾಗ? ಬಂಗಾರೇನು?"

"ಕ್ಯಾಮೆರಾ."

"ಮತ್ತ ಬಂಗಾರ ಎದರಾಗದ?"

"ಎದರಾಗೂ ಇಲ್ಲ."

ಕಾಲಿಗೆ ನೀರು ತಂದಿದ್ದ ಅವನ ಹೆಂಡತಿ, ವೈನಿ ಮಲ್ಕಮ್ಮ, ನಕ್ಕು ಅರ್ಧ ನೀರು ತನ್ನ ಕಾಲಿಗೇ ಚೆಲ್ಲಿಕೊಂಡಳು.

ಒಂಬತ್ತು ವರ್ಷ ಪುಣೆಯ ಮೂಕಿ ಚಿತ್ರಗಳಲ್ಲಿ ನಾನು ರಾಣಿ. ಆಮೇಲೆ ಮಾತಿನ ಚಿತ್ರ ಬಂದವು. ನನ್ನ ಹಿಂದಿ ಕೇಳಿದ ಡೈರೆಕ್ಟರ್, ರಾಣಿ ಜೋಳದ ಹೊಲದಲ್ಲಿ ನಿಂತು ಹಕ್ಕಿ ಹೊಡೆದ ಹಾಗಿದೆ ಎಂದ. ಸಿಂಹಾಸನದಿಂದ ಇಳಿಸಿ ಕತ್ತಲೆ ಕೋಣೆಗೆ ಹಾಕಿದರು. ರೀಲಿನಲ್ಲಿದ್ದ ಬೇರೆಯವರ ಮುಖ ತೊಳೆಯುವುದು, ಒಣಗಿಸುವುದು, ಕತ್ತರಿಸಿ ಅಂಟಿಸುವುದು ಕೆಲಸ. ದಸರೆಗೆ ಕಂಪನಿಯೇ ಮುಚ್ಚಿತು. ಕೈಯಿಂದ ತಿರುಗಿಸುವ ಹಳೆಯ ಕ್ಯಾಮೆರಾ, ಉಳಿದುಬಳಿದ ರೀಲು ಯಾರಿಗೂ ಬೇಡವಾಗಿದ್ದವು. ಎತ್ತಿಕೊಂಡು ಬಂದೆ. ರೀಲು ಹಳೆಯದು, ಇಲ್ಲಿಯ ಬೇಸಿಗೆ ತಾಳುವುದಿಲ್ಲ. ಅಷ್ಟರೊಳಗೆ ನನ್ನ ಚಿತ್ರ ಮುಗಿಸಬೇಕು. ಮುಗಿದ ಮರುದಿನವೇ ಪುಣೆಗೆ ವಾಪಸು.

ನನ್ನ ಚಿತ್ರದಲ್ಲಿ ಕಥೆ ಇಲ್ಲ. ಬರೀ ನಡಿಗೆ. ಅಂಟಿಸುವ ಮೇಜಿನಲ್ಲಿ ದಿನವೂ ಕಾಣುತ್ತಿತ್ತು: ರಾಜ ಬಾಗಿಲಿಗೆ ಬಂದದ್ದು ಬೇಕು, ಬಾಗಿಲ ತನಕ ನಡೆದದ್ದು ಬೇಡ. ಕತ್ತರಿಸಿದ ನಡಿಗೆಗಳೆಲ್ಲ ನನ್ನ ಕಾಲ ಬಳಿ ಬುಟ್ಟಿಯಲ್ಲಿ ಬಿದ್ದಿರುತ್ತಿದ್ದವು. ನನಗೆ ರಾಜನಿಗಿಂತ ಬುಟ್ಟಿಯೇ ಚೆನ್ನಾಗಿ ಕಾಣುತ್ತಿತ್ತು.

ಊರ ಮಂದಿಯದು ಸೊಂಟದಿಂದ ಕೆಳಗೆ ಮಾತ್ರ ತೆಗೆಯುತ್ತೇನೆ. ಕೊನೆಯಲ್ಲಿ ನಾನು ನಡೆದು ಬರುವುದು, ಪೂರ್ತಿ, ಎಡಗಡೆಯ ಮುಖ. ಚಿತ್ರದಲ್ಲಿ ಮುಖ ಅಂತ ಇದ್ದರೆ ನನ್ನದೊಂದೇ.

೧೬ ನವೆಂಬರ್

ಅಣ್ಣ ಊಟದ ಹೊತ್ತಿನಲ್ಲಿ ವಿಚಾರಣೆ ನಡೆಸಿದ.

"ಕಥಿ ಏನು?"

"ಕಥಿ ಇಲ್ಲಣ್ಣ. ಮಂದಿ ನಡೀತಾರ."

"ಎಲ್ಲಿಗಿ?"

"ಎಲ್ಲಿಗೂ ಇಲ್ಲ."

"ಹಂಗಾರ ಯಾಕ ನಡೀತಾರ?"

ಪುಣೆಯಲ್ಲಿ ಯಾವ ಮಾಲೀಕನೂ ಇಷ್ಟು ಸರಿಯಾದ ಪ್ರಶ್ನೆ ಕೇಳಿರಲಿಲ್ಲ. ರೊಟ್ಟಿ ಮುರಿದೆ.

ರೀಲು ತೊಳೆಯಲು ನನಗೆ ಕತ್ತಲೆ ಜಾಗ ಬೇಕು. ಹಿತ್ತಿಲಲ್ಲಿ ಜೋಳ ತುಂಬಿಡುವ ಹಗೇವು ಈ ವರ್ಷ ಖಾಲಿ ಇದೆ. ನೆಲದೊಳಗಿನ ಆ ಗುಂಡಿಯಷ್ಟು ಕತ್ತಲೆ ಪುಣೆಯಲ್ಲೂ ಇರಲಿಲ್ಲ. ಕೇಳಿದೆ. ಅಣ್ಣ ಕೊಡುತ್ತಾನಂತೆ, ಆದರೆ ಒಂದು ಕರಾರು. ಯಡ್ರಾಮಿಯ ಯಾರೋ ಹತ್ತಿ ವ್ಯಾಪಾರಿ, ಹೆಂಡತಿ ತೀರಿಹೋಗಿ ಬಹಳ ವರ್ಷವಾಯಿತಂತೆ, ನನ್ನನ್ನು ನೋಡಲು ಬರುತ್ತಾನೆ. ನಾನು ಒಂದು ಸಲ ತಲೆಯ ಮೇಲೆ ಸೆರಗು ಹೊದ್ದು ಕೂತರೆ ಸಾಕು.

ಮೂವತ್ತು ದಾಟಿದ ತಂಗಿ ಸಿನಿಮಾದಿಂದ ಮನೆಗೆ ಬಂದರೆ ಊರವರು ಏನು ಕೇಳುತ್ತಾರೆಂದು ನನಗೂ ಗೊತ್ತು. ಪಾಪ, ಅಣ್ಣ. ಒಪ್ಪಿದೆ. ಒಂದು ಗುಂಡಿಗಾಗಿ ಇನ್ನೊಂದು ಗುಂಡಿಯನ್ನು ಇಣುಕಿ ನೋಡುವುದು ಅಷ್ಟೇ.

೨೧ ನವೆಂಬರ್

ಹಗೇವಿನ ಬಾಯಿ ತೆಗೆಸಿ ಎರಡು ದಿನ ಗಾಳಿಗೆ ಬಿಟ್ಟರು. ಒಳಗಿನ ಗಾಳಿ ಕೆಟ್ಟದ್ದಿದ್ದರೆ ಮನುಷ್ಯ ಉಳಿಯುವುದಿಲ್ಲ ಎಂದು ಅಣ್ಣ ಮೊದಲು ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಸಿದ. ಅದು ಆರಲಿಲ್ಲ. "ಕಂದೀಲ ಆರಲಿಲ್ಲಂದ್ರ ತಂಗೀನೂ ಆರಂಗಿಲ್ಲ" ಎಂದು ನನ್ನನ್ನೂ ಇಳಿಸಿದ.

ಕಂದೀಲಿಗೆ ಕೆಂಪು ಬಟ್ಟೆ ಸುತ್ತಿ, ಎರಡು ಬಾನಿ ಇಟ್ಟು, ನಿನ್ನೆ ತೆಗೆದ ವೈನಿಯ ನಡಿಗೆಯನ್ನು ತೊಳೆದೆ. ಬಾವಿಯ ಸವಳು ನೀರು. ಒಣಗಿದ ಮೇಲೆ ರೀಲಿನ ತುಂಬ ಬಿಳಿ ಚುಕ್ಕೆ, ವೈನಿ ನಕ್ಷತ್ರಗಳ ನಡುವೆ ನೀರು ಹೊತ್ತು ಹೊರಟಂತೆ. ಅದು ನನಗೆ ಇಷ್ಟವಾಯಿತು. ಅಚ್ಚು ತೆಗೆದ ತುಣುಕನ್ನು ಅವಳಿಗೆ ತೋರಿಸಿದ್ದು ಮಾತ್ರ ತಪ್ಪಾಯಿತು.

"ನನ್ನ ಕೆಂಪ ಸೀರಿ ಎಲ್ಲೈತಿ?"

"ಇದಾ ವೈನಿ. ಈ ರೀಲಿಗಿ ಕೆಂಪು ಕಪ್ಪ ಕಾಣ್ತದ."

"ಮುತ್ತೈದಿಗಿ ಕರೀ ಸೀರಿ ಉಡಿಸೀದಿ! ನಿಮ್ಮಣ್ಣ ಇನ್ನಾ ಗಟ್ಟಿ ಅದಾರ ಬೇ!"

ಅಲ್ಲಿಂದ ಮಾತು ಬಿಟ್ಟಿದ್ದಳು. ಸಂಜೆ ರೊಟ್ಟಿ ಬಡಿಯುತ್ತಾ ತಾನಾಗಿಯೇ ಕೇಳಿದಳು: "ಹಸರ ಸೀರಿ ಉಟ್ರ ಏನ್ ಕಾಣ್ತದ?"

೨೭ ನವೆಂಬರ್, ಭಾನುವಾರ

ಹತ್ತಿಚೀಲ (ವ್ಯಾಪಾರಿಗೆ ನಾನಿಟ್ಟ ಹೆಸರು) ಬಂದುಹೋಯಿತು. ಬರೆಯಬೇಕಾದದ್ದು ಬಹಳ ಇದೆ.

ಹೇಳಿದ ಹೊತ್ತಿಗಿಂತ ಮೊದಲೇ ಬಂದು, ನಾನು ಸೀರೆ ಉಡುವಷ್ಟರಲ್ಲಿ ಪಡಸಾಲೆಯ ಜಮಖಾನೆಯ ಮೇಲೆ ಕೂತುಬಿಟ್ಟಿದ್ದರು. ಯಡ್ರಾಮಿಯ ದೇವೀಂದ್ರಪ್ಪ ಎಂದರೆ ಇವನೇ: ನಲವತ್ತರ ಆಸುಪಾಸು, ದಪ್ಪ ಮೀಸೆ, ಚಳಿ ಇಲ್ಲದಿದ್ದರೂ ಮಂಡಿಯ ಮೇಲೊಂದು ಶಾಲು. ಪಕ್ಕದಲ್ಲಿ ಮಧ್ಯಸ್ಥ ಭಗವಂತ, ಗಂಡಿನ ಪರವಾಗಿ ಎಲ್ಲ ಮಾತೂ ಈ ಭಗವಂತನದೇ.

ಚಹಾ ಕೊಟ್ಟೆ. ಭಗವಂತ ಗಂಟಲು ಸರಿಮಾಡಿಕೊಂಡು, "ಹುಡಿಗಿ ಜರಾ ಅಂಗಳದಾಗ ನಡದು ತೋರಸಲಿ" ಎಂದ. ಕಾಲು ನೆಟ್ಟಗಿದೆಯೇ ಎಂದು ಹೆಣ್ಣನ್ನು ನಡೆಸಿ ನೋಡುವುದು ಶಾಸ್ತ್ರ. ಸಾವಿರ ಜನರ ಮುಂದೆ ನಡೆದವಳು ನಾನು. ರಾಣಿಯ ಹಾಗೆ ನಡೆದೆ, ತಿರುವಿನಲ್ಲಿ ಎಡಗಡೆಯ ಮುಖವನ್ನೂ ಕೊಟ್ಟೆ. ಆಮೇಲೆ ಮೂಲೆಯಲ್ಲಿದ್ದ ಕ್ಯಾಮೆರಾ ಎಳೆದುಕೊಂಡು ನಿಂತು, ನಾಲಿಗೆ ತಡೆಯದೆ ಅಂದೆ:

"ಇನ್ನ ಅವರು ನಡೀಲಿ."

ಅಣ್ಣನ ಚಹಾದ ಬಸಿ ಬಾಯಿಯ ಹತ್ತಿರವೇ ನಿಂತಿತು. ಭಗವಂತನಿಗೆ ಕೆಮ್ಮು ಬಂತು. "ಗಂಡಿಗಿ ಯಾಕ್ರಿ ಅದೆಲ್ಲ, ಪದ್ಧತಿ ಇಲ್ಲ, ಅಂಥಾದ್ದೇನದ..." ಎಂದು ಕೆಮ್ಮಿನ ನಡುವೆ ಇಷ್ಟಿಷ್ಟೇ ಹೇಳಿದ.

ಹತ್ತಿಚೀಲ ನನ್ನನ್ನು ಒಂದು ಗಳಿಗೆ ನೋಡಿತು. ಮಂಡಿಯ ಮೇಲಿನ ಶಾಲು ತೆಗೆದು ಪಕ್ಕಕ್ಕಿಟ್ಟು ಎದ್ದಿತು. ಬಲಗಾಲು ಗಿಡ್ಡ. ಒಂದು ಹೆಜ್ಜೆಗೆ ಮೈ ಕೆಳಗೆ ಹೋಗುತ್ತದೆ, ಇನ್ನೊಂದಕ್ಕೆ ಮೇಲೆ ಬರುತ್ತದೆ. ಅಂಗಳಕ್ಕಿಳಿದು ಗೋಡೆಯಿಂದ ಬಾಗಿಲ ತನಕ, ಬಾಗಿಲಿಂದ ಗೋಡೆಯ ತನಕ, ಅವಸರವಿಲ್ಲದೆ ನಡೆದ.

ನನಗೆ ಸಿಟ್ಟು ಬಂತು. ಕಾಲಿನ ಮೇಲಲ್ಲ, ಶಾಲು ಹೊದಿಸಿ ಮುಚ್ಚಿಟ್ಟ ಭಗವಂತನ ಮೇಲೆ. ಆ ಸಿಟ್ಟಿನಲ್ಲಿ ಕ್ಯಾಮೆರಾದ ಹಿಡಿಕೆಯನ್ನು ರಾಟೆಯ ಹಾಗೆ ಜೋರಾಗಿ ತಿರುಗಿಸಿದೆ. ಕ್ಯಾಮೆರಾವನ್ನು ತಗ್ಗಿಸಿ ಸೊಂಟದವರೆಗೆ ಮಾತ್ರ ಹಿಡಿಯಬೇಕೆಂಬುದೂ ಮರೆತು, ಮುಖವೂ ಬಂತು.

ತಿರುಗಿ ಬಂದು ಕೂತ. ಭಗವಂತನ ಕಡೆ ನೋಡದೆ ನನಗೇ ಹೇಳಿದ:

"ಇಷ್ಟ ವರ್ಷದಾಗ ನಡದು ತೋರಸು ಅಂತ ನನಗ ಯಾರೂ ಕೇಳಿದಿಲ್ರಿ. ಎಲ್ಲಾರೂ ಕುಂಡರು, ಕುಂಡರು ಅಂತಾರ."

ಅವರು ಹೋದ ಮೇಲೆ ಅಣ್ಣ ಬೈದ. ಬೇಡ ಎಂದು ಹೇಳಿ ಕಳಿಸು ಎಂದೆ. "ಅವರs ಒಲ್ಲೆ ಅಂತಾರ ತಗೋ, ನೀ ಯಾಕ ತ್ರಾಸ ತಗೋತಿ" ಎಂದ.

೪ ಡಿಸೆಂಬರ್

ಒಲ್ಲೆ ಎನ್ನಲಿಲ್ಲ. ಒಬ್ಬನೇ ಗಾಡಿ ಹೊಡೆದುಕೊಂಡು ಮತ್ತೆ ಬಂದ.

"ಮದಿವಿ ಮಾತಿಗಿ ಬಂದಿಲ್ರಿ" ಎಂದು ಬಾಗಿಲಲ್ಲೇ ಅಣ್ಣನಿಗೆ ಹೇಳಿದ. "ನನ್ನ ಕಾಲು ಹೆಂಗ ಬಂದದ ನೋಡಾಕ ಬಂದೇನಿ."

ಪರದೆಯ ಮೇಲೆ ತೋರಿಸುವ ಯಂತ್ರ ನನ್ನಲ್ಲಿಲ್ಲ. ತೊಳೆದ ರೀಲನ್ನು ಬಿಸಿಲಿಗೆ ಹಿಡಿದು ಕೊಟ್ಟೆ. ಅಚ್ಚು ತೆಗೆಯುವ ಮೊದಲು ಅದರಲ್ಲಿ ಬಿಳಿಯದೆಲ್ಲ ಕಪ್ಪು, ಕಪ್ಪೆಲ್ಲ ಬಿಳಿ. ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದ.

"ನನ್ನ ಧೋತರ ಇಷ್ಟ ಕರ್ರಗದೇನ್ರಿ?"

"ಇದರಾಗ ಎಲ್ಲಾ ಉಲ್ಟಾ ಇರ್ತದ್ರಿ."

"ಎಲ್ಲಾ ಉಲ್ಟಾ ಇದ್ರ ಕಾಲು ನೆಟ್ಟಗ ಇರಬೇಕಿತ್ತು."

ಗಂಭೀರವಾಗಿಯೇ ಹೇಳಿದ. ನಾನು ನಕ್ಕ ಸದ್ದಿಗೆ ವೈನಿ ಹಿಟ್ಟಿನ ಕೈಯಲ್ಲೇ ಓಡಿಬಂದಳು.

ಚಿತ್ರಕ್ಕೆ ಇನ್ನೇನು ಬೇಕು ಎಂದು ಕೇಳಿದ. ಬೇರೆ ಬೇರೆ ಕಾಲುಗಳು, ಎಂದೆ. "ಜೇವರ್ಗಿ ಕಡಿ ಬರ್ರಿ. ಭೀಮಾ ದಾಟೋ ಕಡಿ ತೊಯ್ದ ಕಾಲು, ಕೆಸರ ಕಾಲು, ಚಪ್ಪಲ ತಲಿಮ್ಯಾಲ ಇಟಗೊಂಡ ಬರೋ ಬರೀ ಕಾಲು, ಬೇಕಾದಷ್ಟ ಸಿಗ್ತಾವ" ಎಂದ. ಕಾಲುಗಳ ವಿಷಯದಲ್ಲಿ ದೇವೀಂದ್ರಪ್ಪನಿಗೆ ಕಣ್ಣಿದೆ. ತನಗೊಂದು ಕಡಿಮೆ ಇದ್ದುದರಿಂದ ಮಿಕ್ಕವರದನ್ನೆಲ್ಲ ನೋಡಿಟ್ಟಿದ್ದಾನೋ ಏನೋ.

ಗಾಡಿ ಅವನದು. ವೈನಿಗೆ ಅಂದೋಲಾ ಮಠಕ್ಕೆ ಹೋಗುವ ಹರಕೆ ಇದೆಯಂತೆ. ನಿನ್ನೆಯ ತನಕ ಇರಲಿಲ್ಲ.

೧೧ ಡಿಸೆಂಬರ್. ಜೇವರ್ಗಿ

ದಂಡೆಯಲ್ಲಿ ಬೆಳಗಿನಿಂದ ಕ್ಯಾಮೆರಾ ತಿರುಗಿಸಿ ತೋಳು ಸೋತಿದೆ. ದೋಣಿಯಿಂದ ಇಳಿಯುವವರ ಮೊದಲ ಹೆಜ್ಜೆ ಎಲ್ಲರದೂ ಒಂದೇ: ನೆಲ ಇದೆಯೋ ಇಲ್ಲವೋ ಎಂದು ಹೆಬ್ಬೆರಳಿನಿಂದ ಕೇಳುತ್ತಾರೆ. ಎರಡನೆಯ ಹೆಜ್ಜೆಗೆ ತಮ್ಮ ತಮ್ಮ ನಡಿಗೆಗೆ ಬರುತ್ತಾರೆ. ಒಂದು ಎಮ್ಮೆ ಕ್ಯಾಮೆರಾದ ತನಕ ನಡೆದು ಬಂದು ಲೆನ್ಸಿನ ಗಾಜನ್ನು ನೆಕ್ಕಿತು.

ದೇವೀಂದ್ರಪ್ಪ ದಂಡೆಯ ಮೇಲೆ ನಿಂತು ಜನರನ್ನು ಮಾತಾಡಿಸುತ್ತಾ ನನ್ನ ಕಡೆ ತಿರುಗಿಸಿ ಬಿಡುತ್ತಾನೆ. ಕ್ಯಾಮೆರಾ ಎಂದರೆ ಸೆಟೆದು ನಿಲ್ಲುವ ಜನ ಅವನೊಡನೆ ಮಾತಾಡುತ್ತಾ ನಡೆದುಬಿಡುತ್ತಾರೆ. ಈ ಕೆಲಸಕ್ಕೆ ಪುಣೆಯಲ್ಲಿ ಮೂರು ಮಂದಿ ಅಸಿಸ್ಟೆಂಟರಿದ್ದರು.

ವೈನಿ ಹಸಿರು ಸೀರೆ ಉಟ್ಟು ಕರೆಯದಿದ್ದರೂ ಎರಡು ಸಲ ಕ್ಯಾಮೆರಾ ಮುಂದೆ ಹಾದುಹೋದಳು.

೧೨ ಡಿಸೆಂಬರ್. ಅಂದೋಲಾ

ಇವತ್ತು ನನ್ನ ನಡಿಗೆ ತೆಗೆದೆವು. ಚಿತ್ರದ ಕಿರೀಟ ಇದೇ.

ಮಠದ ಹಿಂದಿನ ಬಯಲು, ಇಳಿಬಿಸಿಲು, ಉದ್ದ ನೆರಳು. ಪೌಡರ್ ಹಚ್ಚಿ ಸಿದ್ಧಳಾದೆ. ನಾನು ನಡೆಯುವಾಗ ತಿರುಗಿಸುವವರು ಬೇಕಲ್ಲ, ದೇವೀಂದ್ರಪ್ಪನವರಿಗೆ ಕಲಿಸಿದೆ. ಒಂದೇ ಹದದಲ್ಲಿ ತಿರುಗಿಸಬೇಕು, ಮನಸ್ಸಿನಲ್ಲಿ ಯಾವುದಾದರೂ ಹಾಡು ಇಟ್ಟುಕೊಂಡರೆ ಸುಲಭ, ಎಂದೆ. ಮೊದಲು ಬೀಸುಕಲ್ಲಿನ ಹಾಗೆ ನಿಧಾನ. ನಾನು ಹತ್ತಿರ ಬಂದಂತೆ ಹಿಡಿಕೆ ಓಡತೊಡಗಿತು.

"ಯಾಕ್ರಿ ಅಷ್ಟ ಜೋರ?"

"ನೀವು ಬಂದ್ರಿ, ಹಾಡು ಓಡತು."

ಒಂದಕ್ಕೂ ಬಾರದ ಕೈ. ಮತ್ತೆ ನಡೆದೆ, ಮತ್ತೆ ಅದೇ. ಮೂರನೆಯ ಸಲ ಪರವಾಗಿಲ್ಲ. ರೀಲಿನ ಡಬ್ಬಿಗೆ ಬಟ್ಟೆ ಸುತ್ತಿ ನನ್ನ ಹಾಸಿಗೆಯೊಳಗೇ ಇಟ್ಟುಕೊಂಡಿದ್ದೇನೆ.

೧೩ ಡಿಸೆಂಬರ್

ಬರುವ ದಾರಿಯಲ್ಲಿ ಪೊಲೀಸರ ನಾಕಾದಲ್ಲಿ ಗಾಡಿ ತಡೆದರು. ಸತ್ಯಾಗ್ರಹದ ಗದ್ದಲದಿಂದ ಎಲ್ಲ ಕಡೆ ತಪಾಸಣೆ ನಡೆದಿದೆ. ಅಮೀನ ಸಾಹೇಬ ಬೂಟು ಟಕಟಕಿಸುತ್ತಾ ಬಂದು ಡಬ್ಬಿ ಮುಟ್ಟಿ ಕೇಳಿದ.

"ಇದರಾಗ ಏನದ?"

"ಮಂದಿ ನಡಿಗಿ ಸಾಹೇಬ್ರ."

"ನಡಿಗಿ? ಎಲ್ಲಿಗಿ ನಡೀತಾರ? ಸತ್ಯಾಗ್ರಹಕ್ಕ?"

"ಎಲ್ಲಿಗೂ ಇಲ್ರಿ."

"ಎಲ್ಲಿಗೂ ಇಲ್ಲದ ಇಷ್ಟ ಮಂದಿ ಯಾಕ ನಡೀತಾರ?"

ಡಬ್ಬಿ ತೆಗೆಯಬೇಡಿ, ಬಿಸಿಲು ಬಿದ್ದರೆ ಎಲ್ಲ ಅಳಿಸಿಹೋಗುತ್ತದೆ ಎಂದು ಕೈ ಮುಗಿದೆ. ಹಾಗೆಂದದ್ದೇ ಅವನ ಸಂಶಯ ಹೆಚ್ಚಿಸಿತು. ಮುಚ್ಚಳ ತೆಗೆದ. ಸುರುಳಿ ಬಿಚ್ಚಿ, ಮಾರುದ್ದ ಎಳೆದೆಳೆದು, ನಡುಮಧ್ಯಾಹ್ನದ ಸೂರ್ಯನಿಗೆ ಹಿಡಿದು, ತುದಿಯಿಂದ ತುದಿಯ ತನಕ ಪ್ರಾಮಾಣಿಕವಾಗಿ ನೋಡಿದ. ದೇವೀಂದ್ರಪ್ಪನವರು ಕುಂಟುತ್ತಾ ಓಡಿಬಂದು ತಮ್ಮ ಶಾಲು ಅದರ ಮೇಲೆ ಹಾಕಿದರು. ಆಗಲೇ ತಡವಾಗಿತ್ತು.

"ಖಾಲಿ ಅದ" ಎಂದ ಅಮೀನ. "ಏನೂ ಇಲ್ಲ. ಹೋಗ್ರಿ."

ಅದು ಅಂದೋಲಾದ ಡಬ್ಬಿ. ದೋಣಿಯದು ಹುಲ್ಲಿನ ಕೆಳಗಿತ್ತು, ಉಳಿಯಿತು.

೧೪ ಡಿಸೆಂಬರ್

ಬರೆಯುವುದಿಲ್ಲ.

೧೯ ಡಿಸೆಂಬರ್

ರೊಟ್ಟಿ. ಪುಂಡಿಪಲ್ಯ. ನಿದ್ದೆ.

೨೩ ಡಿಸೆಂಬರ್

ಕ್ಯಾಮೆರಾ ಪೆಟ್ಟಿಗೆಯ ಮೇಲೆ ಅಣ್ಣ ಬೆಲ್ಲದ ಪೆಂಟೆ ಇಟ್ಟಿದ್ದಾನೆ. ಇರಲಿ.

ನನ್ನ ಮುಖ ಇಲ್ಲದೆ ಅದು ಎಂಥ ಚಿತ್ರ? ಕಾಲುಗಳ ಬುಟ್ಟಿ. ರೀಲು ಇನ್ನು ಒಂದು ತುಣುಕು ಉಳಿದಿದೆ, ನನ್ನನ್ನು ಒಂದು ಸಲ ನಡೆಸುವಷ್ಟು ಮಾತ್ರ. ಆದರೆ ಪೌಡರ್ ಹಚ್ಚಲು ಮನಸ್ಸಿಲ್ಲ. ವೈನಿ ಹಗೇವಿನ ಬಾಯಿಗೆ ನಿಂತು, "ಒಳಗ ಯಾರರ ಅದಾರೇನ ಬೇ?" ಎಂದು ಕೂಗಿ ನನ್ನನ್ನು ನಗಿಸಲು ನೋಡಿದಳು. ನಾನು ಹೊರಗೆ ಅವಳ ಹಿಂದೆಯೇ ಕೂತಿದ್ದೆ.

೨೮ ಡಿಸೆಂಬರ್

ದೇವೀಂದ್ರಪ್ಪನವರು ಬಂದಿದ್ದರು. ಸಮಾಧಾನ ಹೇಳಲಿಲ್ಲ. ಹೇಳಿದ್ದರೆ ಒಳಗೆ ಎದ್ದುಹೋಗುತ್ತಿದ್ದೆ. ಸುದ್ದಿ ತಂದಿದ್ದರು.

"ಅಮೀನ ಸಾಹೇಬ್ರು ನಿಮ್ಮನ್ನ ಕೇಳಾಕತ್ತಾರ್ರಿ."

"ಇನ್ನೇನ ಉಳದದ ತೆಗದು ನೋಡಾಕ?"

"ಆ ಹೆಣಮಗಳು ಖರೇನಾ ಪುಣೆ ಸಿನಿಮಾದಾಕಿ ಏನು ಅಂತ ಕೇಳಿದ್ರು. ಹೌದ್ರಿ ಅಂದೆ. ಎರಡ ದಿನ ಸುಮ್ಮನಿದ್ರು. ನಿನ್ನಿ ಕರದು, 'ನನ್ನ ನಡಿಗೀನೂ ಛಲೋ ಅದ, ತೆಗೀತಾರೇನು' ಅಂದ್ರು."

ನಾನು ಎಷ್ಟು ನಕ್ಕೆನೆಂದರೆ ಅಣ್ಣ ಹೊಲದಿಂದ ಬಂದವನು ಬಾಗಿಲಲ್ಲೇ ನಿಂತ. ನಗುತ್ತಿರುವಾಗಲೇ ಹೊಳೆಯಿತು: ಹಿಡಿಕೆಯನ್ನು ಬಹಳ ನಿಧಾನ ತಿರುಗಿಸಿದರೆ ಪರದೆಯ ಮೇಲೆ ಮನುಷ್ಯ ಅಟ್ಟಿಸಿಕೊಂಡ ಕೋಳಿಯ ಹಾಗೆ ಓಡುತ್ತಾನೆ.

ಬೆಲ್ಲದ ಪೆಂಟೆ ನಾನೇ ಇಳಿಸಿದೆ.

೨ ಜನವರಿ ೧೯೩೯

ಅಮೀನ ಸಾಹೇಬ ಬೂಟಿಗೆ ಪಾಲಿಶ್ ಹಚ್ಚಿಸಿ, ಮೀಸೆಗೆ ಎಣ್ಣೆ ಹಚ್ಚಿ ಸಿದ್ಧನಾಗಿದ್ದ. ನಡೆಯುವ ಮೊದಲು ಗುಟ್ಟಾಗಿ ಕೇಳಿದ: "ಅವತ್ತ ಡಬ್ಬಿಯಾಗ ಖರೇನಾ ಚಿತ್ರ ಇದ್ದೂ ಏನ್ರಿ?"

"ಇದ್ದೂ ಸಾಹೇಬ್ರ."

ಮುಖ ಸಣ್ಣದಾಯಿತು. ಒಂದು ಗಳಿಗೆ ನನಗೆ ಪಾಪ ಅನ್ನಿಸಿತು. ಆಮೇಲೆ ಸೆಟೆದು ನಡೆಯತೊಡಗಿದ, ಪಾಪ ಹೋಯಿತು. ನಿಧಾನವಾಗಿ, ಅಂಬಲಿ ತಿರುವಿದ ಹಾಗೆ ತಿರುವಿದೆ. ಬೂಟುಗಳ ಮಟ್ಟಕ್ಕೇ ಕ್ಯಾಮೆರಾ.

ಗಾಡಿಯಲ್ಲಿ ದೇವೀಂದ್ರಪ್ಪನವರು ಕೇಳಿದರು: "ಕಡೀ ತುಣುಕು ಅಂದಿದ್ರಿ. ನಿಮ್ಮದು?"

"ನಂದೇನು?"

"ನಿಮ್ಮ ನಡಿಗಿ."

"ಬೂಟು ಭಾಳ ಛಲೋ ಬಂದಾವ ನೋಡ್ರಿ" ಎಂದೆ. ನಿಜವಾಗಿಯೂ ಚೆನ್ನಾಗಿ ಬಂದಿವೆ.

೧೯ ಜನವರಿ

ಹಗೇವಿನಲ್ಲೇ ವಾಸ. ಅಚ್ಚು ತೆಗೆಯಲೆಂದು ಬೇರೆಯಾಗಿ ಇಟ್ಟಿದ್ದ ರೀಲಿಗೆ, ಕ್ಯಾಮೆರಾವನ್ನೇ ಅಚ್ಚಿನ ಯಂತ್ರ ಮಾಡಿಕೊಂಡು, ಎಲ್ಲ ನಡಿಗೆಗಳನ್ನೂ ಇಳಿಸಿದೆ. ವೈನಿ ಮೇಲಿನಿಂದ ಹಗ್ಗದಲ್ಲಿ ಭೀಮೆಯ ಸಿಹಿನೀರು, ಚಹಾ, ಊರ ಸುದ್ದಿ ಇಳಿಸುತ್ತಾಳೆ. ಈಗ ಅವಳಿಗೂ ಅಭಿಪ್ರಾಯಗಳಿವೆ. "ಎಮ್ಮಿ ಹಿಂದ ನನ್ನ ಇಡಬ್ಯಾಡ, ಮುಂದ ಇಡು" ಎಂದಳು. ಯೋಚಿಸಿ ನೋಡಿದೆ. ಅವಳು ಹೇಳಿದ್ದೇ ಸರಿ: ಮೊದಲು ವೈನಿಯ ಕೊಡದ ತೂಗು, ಆಮೇಲೆ ಎಮ್ಮೆಯ ತೂಗು. ಅವಳಿಗೆ ಕಾರಣ ಹೇಳಲಿಲ್ಲ.

ಕೊನೆಗೆ ಏನನ್ನಾದರೂ ಇಡಬೇಕಲ್ಲ. ಅಂಗಳದಲ್ಲಿ ತೆಗೆದ ಆ ಕುಂಟು ನಡಿಗೆಯನ್ನು ಇಟ್ಟೆ. ಅದರಲ್ಲಿ ಮುಖವೂ ಇದೆ. ಕತ್ತರಿಸಬೇಕೆಂದಿದ್ದೆ, ಕತ್ತರಿ ಸಿಗಲಿಲ್ಲ. ಸಂಜೆ ನೋಡಿದರೆ ಸೆರಗಿನ ಗಂಟಿನಲ್ಲೇ ಇತ್ತು. ಅಷ್ಟರಲ್ಲಿ ಅಂಟಿಸಿ ಆಗಿತ್ತು.

೪ ಫೆಬ್ರವರಿ. ಆಳಂದ

ಅಬ್ದುಲ್ ಗನಿ ಊರೂರಿಗೆ ಗಾಡಿಯಲ್ಲಿ ಬಯಾಸ್ಕೋಪ್ ಒಯ್ಯುವವನು. ಮಾತಿನ ಚಿತ್ರ ಬಂದ ಮೇಲೆ ಅವನ ಮೂಕಿ ಯಂತ್ರಕ್ಕೆ ದೊಡ್ಡ ಊರಲ್ಲಿ ಗಿರಾಕಿ ಇಲ್ಲ. ನನ್ನಂಥವನೇ. ಅವನಿಗೆ ಚಿತ್ರದ ವಿಷಯ ಹೇಳಿದೆ.

"ಫೈಟಿಂಗ್?" ಎಂದ.

"ಇಲ್ಲ."

"ಗಾನಾ ಹೆಂಗೂ ಇರಲ್ಲ. ದೇವರು?"

"ಇಲ್ಲ. ಒಂದು ಎಮ್ಮಿ ಅದ."

ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು, "ಲಾವ್ರಿ, ಹಾಕ್ತೀನಿ. ಮಂದಿ ಕಲ್ಲು ಹೊಡದ್ರ ನಾ ಓಡ್ತೀನಿ, ಅದನ್ನೂ ತೆಗೀರಿ" ಎಂದ.

ಇವತ್ತು ದೀಪ ಹಚ್ಚುವ ಹೊತ್ತಿಗೆ ಸಂತೆಯ ಬಯಲಿನಲ್ಲಿ ಸುತ್ತ ತಟ್ಟಿ ನಿಲ್ಲಿಸಿ ಪರದೆ ಕಟ್ಟಿದರು. ಗನಿಯ ತಾಯಿ ಪೀರಬಿ ಬಾಗಿಲಲ್ಲಿ ಟಿಕೇಟಿನ ಬದಲು ಜೋಳ, ಮೆಣಸಿನಕಾಯಿ ಏನು ಕೊಟ್ಟರೂ ತಗೊಂಡು ಒಳಗೆ ಬಿಟ್ಟಳು. ಅಣ್ಣ, ವೈನಿ ಬಂದಿದ್ದರು. ಯಡ್ರಾಮಿಯಿಂದಲೂ ಗಾಡಿ ಬಂದಿತ್ತು. ಯಂತ್ರದ ಹಿಡಿಕೆಯನ್ನು ನಾನೇ ತಿರುಗಿಸುತ್ತೇನೆಂದೆ.

ಮೊದಲು ಮಂದಿ ಸುಮ್ಮನೆ ನೋಡಿದರು. ಕಾಲು ಬಂತು, ಹೋಯಿತು. ಇನ್ನೊಂದು ಬಂತು. "ಮ್ಯಾಲಿಂದು ಎಲ್ಲಿ?" ಎಂದು ಹಿಂದಿನಿಂದ ಒಬ್ಬ ಕೂಗಿದ. ಆಗ ಮುಂದೆ ಕೂತಿದ್ದ ಹೆಂಗಸೊಬ್ಬಳು ಎದ್ದುನಿಂತು ಚೀರಿದಳು.

"ಏ! ಇಂವ ನಮ್ಮ ಮಾವ! ಸಾಲ ಕೇಳಾಕ ಹೋಗೋವಾಗ ಹಿಂಗs ನಡೀತಾನ!"

ಅಷ್ಟೇ. ಆಮೇಲೆ ಯಾರೂ ಸುಮ್ಮನೆ ಕೂರಲಿಲ್ಲ. ಇದು ಯಾರದು, ಅದು ಯಾರದು, ಇವಳು ಬಸುರಿ, ಇವನು ಹೊಸ ಚಪ್ಪಲಿ ಕಚ್ಚಿಸಿಕೊಂಡವನು, ಇದು ಜಗಳವಾಡಿ ತವರಿಗೆ ಹೊರಟ ನಡಿಗೆ. ಗೊತ್ತಿಲ್ಲದವರಿಗೂ ಹೆಸರಿಟ್ಟರು. ವೈನಿ ಬಂದಾಗ ಅಣ್ಣ ತಡೆಯಲಾಗದೆ, "ನಮ್ಮಾಕಿ!" ಎಂದುಬಿಟ್ಟ. ವೈನಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬೆರಳ ಸಂದಿಯಿಂದ ನೋಡಿದಳು. ಪಾಲಿಶ್ ಹಾಕಿದ ಬೂಟುಗಳು ಪಟಪಟನೆ ಓಡಿದಾಗ ಹೆಸರು ಹೇಳುವ ಧೈರ್ಯ ಯಾರೂ ಮಾಡಲಿಲ್ಲ. ನಗು ಮಾತ್ರ ಆಳಂದದ ಆಚೆಗೂ ಕೇಳಿರಬೇಕು.

ಆಮೇಲೆ ಕೊನೆಯದು ಬಂತು. ಅಂದು ಸಿಟ್ಟಿನಲ್ಲಿ ಜೋರಾಗಿ ತಿರುಗಿಸಿದ್ದೆನಲ್ಲ, ಪರದೆಯ ಮೇಲೆ ಅದು ಬಹಳ ನಿಧಾನವಾಗಿತ್ತು. ಗಿಡ್ಡ ಕಾಲು ನೆಲ ಮುಟ್ಟುವುದೇ ಕಾಣದು. ಮೈ ಇಳಿಯುತ್ತದೆ, ಏಳುತ್ತದೆ, ಧೋತರದ ಅಂಚು ಗಾಳಿಯಲ್ಲಿ ಸುಮ್ಮನೆ ತಡೆದು ನಿಲ್ಲುತ್ತದೆ. "ಕುಂಟ್ಯಾ..." ಎಂದು ಯಾರೋ ಶುರುಮಾಡಿದವನು ಅರ್ಧಕ್ಕೇ ಬಿಟ್ಟ. ಬಾಗಿಲ ಬಳಿಯಿಂದ ಪೀರಬಿಯ ದನಿ ಬಂತು.

"ಯಾರ್ರೀ ಅವ್ರು? ಹೊಳಿ ಮ್ಯಾಲ ನಡದಂಗ ನಡೀತಾರ."

ಕತ್ತಲೆಯಲ್ಲಿ, ಗಂಡಸರ ಕಡೆಯಿಂದ, "ನಾನs ರೀ" ಎಂದರು.

ಹಿಡಿಕೆ ಒಮ್ಮೆಲೇ ಓಡತೊಡಗಿತು. ಗನಿಯ ಯಂತ್ರ ಹಳೆಯದು.

೫ ಫೆಬ್ರವರಿ

ಬೆಳಿಗ್ಗೆ ಗಾಡಿ ಕಟ್ಟುವಾಗ ದೇವೀಂದ್ರಪ್ಪನವರು ನನ್ನ ಹತ್ತಿರ ಬಂದು ನಿಂತರು. ಏನೋ ಹೇಳುವವರಿದ್ದರು. ಎತ್ತಿನ ಕೊರಳ ಹಗ್ಗ ಸರಿಪಡಿಸಿದರು. ಅದು ಸರಿಯಾಗಿಯೇ ಇತ್ತು.

"ನಾ ನಡದರ ಹಂಗ ಕಾಣ್ತದಂತ ಗೊತ್ತಿದ್ದಿಲ್ರಿ" ಎಂದರು ಕೊನೆಗೆ.

"ನಾ ಜೋರ ತಿರುವಿದ್ದಕ್ಕ ಹಂಗ ಕಂಡದ" ಎಂದೆ.

"ಹೌದ್ರಿ?"

"ಇಲ್ರಿ" ಎಂದೆ. ಯಾಕೆ ಹಾಗೆಂದೆನೋ ತಿಳಿಯದು. ಯಂತ್ರದ ಮಾತು ಬಂದರೆ ನಾನು ತಪ್ಪು ಹೇಳುವವಳಲ್ಲ.

ಗನಿ ಚಿತ್ರವನ್ನು ಜಿಡಗಾಕ್ಕೆ, ಅಲ್ಲಿಂದ ಮುಂದೆ ಒಯ್ಯುತ್ತೇನೆಂದು ಹಟ ಹಿಡಿದ. ಇರುವುದು ಒಂದೇ ಪ್ರತಿ. ಡಬ್ಬಿಯನ್ನು ಬಟ್ಟೆ ಸುತ್ತಿ ಪೀರಬಿಯ ಕೈಗೇ ಕೊಟ್ಟೆ. ಎರಡು ಕೈಯಿಂದ ತಗೊಂಡು, ಹೊಸ ಸೊಸೆಯನ್ನು ಕೂರಿಸುವ ಹಾಗೆ ಗಾಡಿಯೊಳಗೆ ಕೂರಿಸಿದಳು.

೧೨ ಫೆಬ್ರವರಿ. ಅಫಜಲಪುರ

ಪುಣೆಯ ಪ್ರಯಾಣದ ಮಾತನ್ನು ಅಣ್ಣನೇ ಎತ್ತಿದ. ಬಿಸಿಲು ಇಳಿಯಲಿ ಎಂದೆ. "ಫೆಬ್ರವರಿಯಾಗ ಎಲ್ಲಿ ಬಿಸಲು?" ಎಂದ. ಅಣ್ಣನಿಗೆ ಬಿಸಿಲಿನ ವಿಷಯ ತಿಳಿಯುವುದಿಲ್ಲ.

ಮುಂದಿನ ಚಿತ್ರ ಕೂತವರದು. ಜನ ಹೇಗೆ ಕೂರುತ್ತಾರೆ, ಯಾರ ಮುಂದೆ ಹೇಗೆ, ಯಾರೂ ಇಲ್ಲದಾಗ ಹೇಗೆ. ರೀಲು ಸೋಲಾಪುರದಿಂದ ತರಿಸಬೇಕು. ಹಗೇವಿಗೆ ಈ ಸಲ ಜೋಳ ತುಂಬಬೇಡ ಎಂದು ಅಣ್ಣನಿಗೆ ಹೇಳಿದ್ದೇನೆ. ಕೂರುವುದರಲ್ಲಿ ನೋಡುವಂಥದ್ದೇನಿದೆ ಎಂದು ವೈನಿ ಕೇಳಿದಳು, ಹೇಳುತ್ತಾ ಹೇಳುತ್ತಾ ರೊಟ್ಟಿ ಹೊತ್ತಿಹೋಯಿತು.

"ನಾಳಿ ಬರ್ತಾರ, ಆಗ ಎಲ್ಲಾ ಮಾತಾಡ್ತೇವಿ" ಎಂದೆ.

"ಯಾರ ಬರ್ತಾರ?"

"ಅವರು."

ವೈನಿ ಕೈಯಲ್ಲಿನ ರೊಟ್ಟಿ ಕೆಳಗಿಟ್ಟಳು.

"ಅವರು ಅಂದ್ರ ಯಾರ ಬೇ? ಹೆಸರಿಲ್ಲೇನ ಅವರಿಗಿ?"

ಹೆಸರಿಲ್ಲದೆ ಏನು, ಎಷ್ಟು ಸಲ ಬರೆದಿದ್ದೇನೆ. ಹೇಳಲು ಬಾಯಿ ತೆರೆದೆ. ನಾಲಿಗೆಯ ತುದಿಗೆ ಬಂತು, ಹೊರಗೆ ಬರಲಿಲ್ಲ. "ಯಡ್ರಾಮಿಯವರು" ಎಂದೆ.

ವೈನಿ ಸೆರಗು ಬಾಯಿಗೆ ಒತ್ತಿಕೊಂಡು ಎದ್ದು ಪಡಸಾಲೆಗೆ ಓಡಿದಳು. ಅಣ್ಣನ ಕಿವಿಯಲ್ಲಿ ಏನೋ ಹೇಳಿದಳು. ಅಣ್ಣ ಎದ್ದು ಹೋಗಿ ದೇವರ ಮುಂದೆ ಎಣ್ಣೆ ತುಂಬಿಸಿ ದೀಪ ಹಚ್ಚಿದ. ನಡುಮಧ್ಯಾಹ್ನ, ಹಬ್ಬವಿಲ್ಲ, ಹರಿದಿನವಿಲ್ಲ.

ಈ ಮನೆಯವರಿಗೆ ಏನಾಗಿದೆ ಎಂದು ನಾಳೆ ಅವರನ್ನೇ ಕೇಳಬೇಕು.